ಜೋಕಾಲಿ ಏರುವ ಮುಂಚೆ

ನಾಗರ ಪಂಚಮಿ ಹತ್ತಿರ ಬಂತೆಂದರೆ ನಮ್ಮ ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಹುಣಸೆ, ಬೇವಿನ ಗಿಡಗಳಿಗೆ ಜೋಕಾಲಿ ಬೀಳುತ್ತವೆ. ಜೋಕಾಲಿ ಕಟ್ಟುವುದು ಹುಡುಗಾಟದ ಕೆಲಸವಲ್ಲ. ಮೊದಲು ಟೊಂಗೆ ಆರಿಸಬೇಕು. ಒಳಗೆ ಗೆದ್ದಲು ಹತ್ತಿದೆಯೋ, ಗಟ್ಟಿ ಇದೆಯೋ ಎಂದು ತಿಳಿಯಲು ಹಿರಿಯರೊಬ್ಬರು ಕೊಡಲಿಯ ಹಿಂಬದಿಯಿಂದ ಬಡಿದು ಸಪ್ಪಳ ಕೇಳುತ್ತಾರೆ. ಹಗ್ಗವನ್ನು ಮೊಳ ಮೊಳವಾಗಿ ಕೈಯಲ್ಲಿ ಜಾರಿಸುತ್ತ ಎಲ್ಲಿ ಎಳೆ ಬಿಟ್ಟಿದೆ, ಎಲ್ಲಿ ಇಲಿ ಕಡಿದಿದೆ ಎಂದು ನೋಡುತ್ತಾರೆ. ಟೊಂಗೆಗೆ ತಿಕ್ಕಿ ಹಗ್ಗ ಸವೆಯಬಾರದೆಂದು ನಡುವೆ ಗೋಣಿತಾಟು ಸುತ್ತುತ್ತಾರೆ. ಗಂಟು ಬಿದ್ದ ಮೇಲೆ ಇಬ್ಬರು ಗಟ್ಟಿಮುಟ್ಟಾದ ಗಂಡಸರು ಒಟ್ಟಿಗೇ ಜೋತುಬಿದ್ದು ಜಗ್ಗುತ್ತಾರೆ. ಅವರು ಕೈಬಿಟ್ಟು, ‘ಹ್ಞಾಂ, ಇನ್ನ ಏರಲಿ’ ಎಂದ ಮೇಲೆಯೇ ತವರಿಗೆ ಬಂದ ಹೆಣ್ಣುಮಕ್ಕಳು ಸೆರಗು ಕಟ್ಟಿಕೊಂಡು ಏರುವುದು, ಚಿಕ್ಕವರು ಕೈಯಲ್ಲಿ ಶೇಂಗಾ ಉಂಡಿ ಹಿಡಿದು ತಮ್ಮ ಪಾಳಿ ಕಾಯುವುದು.

ಈ ಪರೀಕ್ಷೆಗೆ ಯಾವ ಇಲಾಖೆಯ ಆದೇಶವೂ ಇರಲಿಲ್ಲ. ಏರುವವರು ನಮ್ಮ ಮಕ್ಕಳು, ಆದ್ದರಿಂದ ಜಗ್ಗಿ ನೋಡುವವರು ನಾವು ಎಂಬುದು ಊರಿಗೆ ಊರೇ ಒಪ್ಪಿಕೊಂಡ ಮಾತಾಗಿತ್ತು.

ಈಗ ಮಕ್ಕಳು ಹೆಚ್ಚಾಗಿ ಪಾರ್ಕಿನಲ್ಲಿ ಆಡುತ್ತಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರುಗಳ ಹೊಸ ಬಡಾವಣೆಗಳಲ್ಲಿ ಸಣ್ಣದೋ ದೊಡ್ಡದೋ ಒಂದು ಉದ್ಯಾನ, ಅದರಲ್ಲಿ ಕಬ್ಬಿಣದ ಜೋಕಾಲಿ, ಜಾರುಬಂಡಿ, ಹಿರಿಯರಿಗೆ ಓಪನ್ ಜಿಮ್, ಸುತ್ತ ಪೇವರ್ಸ್ ಹಾಸಿದ ನಡಿಗೆಯ ಹಾದಿ. ಇದು ಸಂತೋಷದ ಸಂಗತಿ. ನಾನು ಸಂಜೆಯ ಹೊತ್ತು ಅಲ್ಲಿ ಕೂತು ಮಕ್ಕಳ ಗದ್ದಲ ಕೇಳುವುದನ್ನು ಬಹಳ ಇಷ್ಟಪಡುತ್ತೇನೆ. ಆದರೆ ಈ ಕಬ್ಬಿಣದ ಜೋಕಾಲಿಯನ್ನು ಜಗ್ಗಿ ನೋಡುವವರು ಯಾರು? ಸರಪಳಿ ಮೇಲಿನ ಅಡ್ಡಪಟ್ಟಿಗೆ ಸೇರುವ ಜಾಗದಲ್ಲಿ ಒಂದು ಕೊಂಡಿ ಇರುತ್ತದೆ. ಅದು ನಮ್ಮ ಕಣ್ಣಿನ ಎತ್ತರಕ್ಕಿಂತ ಮೇಲಿರುವುದರಿಂದ ಕತ್ತೆತ್ತಿದರೆ ಮಾತ್ರ ಕಾಣುತ್ತದೆ. ವರ್ಷಗಟ್ಟಲೆ ತೂಗಿ ತೂಗಿ ಆ ಕೊಂಡಿಯ ಒಳಮೈ ಸವೆಯುತ್ತದೆ. ಕಿರುಬೆರಳಿನಷ್ಟು ದಪ್ಪ ಇದ್ದದ್ದು ಪೆನ್ಸಿಲ್ಲಿನಷ್ಟಾಗಿ, ಬೆಳ್ಳಗೆ ಹೊಳೆಯುತ್ತಿರುತ್ತದೆ. ತುಕ್ಕು ಹಿಡಿದ ಭಾಗವನ್ನು ಕಂಡು ನಾವು ಹೆದರುತ್ತೇವೆ, ಹೊಳೆಯುವುದನ್ನು ಕಂಡು ನಂಬುತ್ತೇವೆ. ಆದರೆ ಹರಿಯುವುದು ಆ ಹೊಳೆಯುವ ಜಾಗದಲ್ಲಿಯೇ.

ಕೆಳಗಿನ ನೆಲವನ್ನೂ ನೋಡಬೇಕು. ಪಂಚಮಿಯ ಜೋಕಾಲಿಯಿಂದ ಜಾರಿದರೆ ಬೀಳುತ್ತಿದ್ದುದು ಮಳೆಗೆ ಮೆತ್ತಗಾದ ಮಣ್ಣಿನ ಮೇಲೆ. ಎಷ್ಟೋ ಪಾರ್ಕುಗಳಲ್ಲಿ ಅಂದ ಕಾಣಲೆಂದು ಜೋಕಾಲಿಯ ಕೆಳಗೂ ಪೇವರ್ಸ್ ಹಾಸಿಬಿಡುತ್ತಾರೆ. ಮಗುವಿನ ತಲೆಗೆ ಅದು ಬಂಡೆಗಲ್ಲೇ ಸರಿ. ಆಟದ ಜಾಗಕ್ಕೆ ಒಂದಡಿ ಆಳ ಉಸುಕು ತುಂಬಿದರೆ ಸಾಕು, ಕೈ ಮುರಿಯುವಂಥ ಪೆಟ್ಟು ಮೊಳಕಾಲು ಕೆರೆಯುವುದರಲ್ಲಿ ಮುಗಿಯುತ್ತದೆ. ತುಂಗಭದ್ರೆಯ ಉಸುಕು ಎಲ್ಲೆಲ್ಲಿಗೋ ಲಾರಿಯಲ್ಲಿ ಹೋಗುವ ಸೀಮೆ ನಮ್ಮದು. ಮಕ್ಕಳ ಜೋಕಾಲಿಯ ಕೆಳಗೆ ಹಾಕಲು ಒಂದು ಟ್ರ್ಯಾಕ್ಟರ್ ಸಿಗಲಾರದೆ?

ಇದೆಲ್ಲ ಸಣ್ಣ ಮಾತು ಎನ್ನುವವರು 2024ರ ಸೆಪ್ಟೆಂಬರನ್ನು ನೆನೆಯಬೇಕು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಆಟದ ಮೈದಾನದ ಕಬ್ಬಿಣದ ಗೇಟು ಮೈಮೇಲೆ ಬಿದ್ದು ಒಬ್ಬ ಬಾಲಕ ತೀರಿಕೊಂಡ. ಅವನು ಮಾಡಿದ್ದು ಆಡಲು ಹೋಗಿದ್ದು ಅಷ್ಟೇ. ರಾಜಧಾನಿಯಲ್ಲಿ ನಡೆದದ್ದು ಸುದ್ದಿಯಾಗುತ್ತದೆ. ಗೇಟಿನ ತಿರುಗಣಿ ಸಡಿಲಾಗುವುದು ಮಾತ್ರ ಎಲ್ಲ ಊರಿನಲ್ಲೂ ಒಂದೇ ರೀತಿ.

ವರ್ಷವಿಡೀ ಒಂದೇ ಪಾರ್ಕಿಗೆ ಹೋಗುವವರಿಗೆ ಗೊತ್ತು, ಅದು ತಿಂಗಳಿಗೊಂದು ಗುಣ ತೋರಿಸುತ್ತದೆ. ಸಂಕ್ರಾಂತಿಯ ಆಜೂಬಾಜು ಬೆಳಗಿನ ಚಳಿಗೆ ವಯಸ್ಸಾದವರು ಎದ್ದ ಕೂಡಲೇ ಬಿರುಸಿನ ನಡಿಗೆಗೆ ಇಳಿಯಬಾರದು. ಮೈ ಬೆಚ್ಚಗಾಗಲು ಹತ್ತು ನಿಮಿಷ ಕೊಟ್ಟು, ಬಿಸಿಲು ಮೂಡಿದ ಮೇಲೆ ಹೊರಡುವುದು ಹೃದಯಕ್ಕೆ ಒಳ್ಳೆಯದು. ಬ್ಯಾಡಗಿಯಲ್ಲಂತೂ ಅದು ಮೆಣಸಿನಕಾಯಿ ಹಂಗಾಮು. ಮಾರುಕಟ್ಟೆಗೆ ಚೀಲಗಳು ಬಂದು ಬೀಳುವ ದಿನಗಳಲ್ಲಿ ಗಾಳಿಯಲ್ಲೇ ಘಾಟು. ಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಖಾರ ಕಡಿಮೆ ಎಂದರೂ ದಮ್ಮು ಇರುವವರಿಗೆ ಧೂಳಂತೂ ಧೂಳೇ. ಅಂಥವರು ಗಾಳಿ ಬೀಸುವ ದಿಕ್ಕು ನೋಡಿ ಹಾದಿ ಬದಲಿಸಬೇಕು, ಪಂಪನ್ನು ಕಿಸೆಯಲ್ಲಿ ಇಟ್ಟುಕೊಂಡೇ ಹೊರಡಬೇಕು.

ಏಪ್ರಿಲ್ ಹೊತ್ತಿಗೆ ಸಾಲಿಗೆ ಸೂಟಿ ಬಿಟ್ಟಿರುತ್ತದೆ. ಬೆಂಗಳೂರು, ಪುಣೆಯಿಂದ ಮೊಮ್ಮಕ್ಕಳು ಅಜ್ಜನ ಮನೆಗೆ ಬಂದಿರುತ್ತಾರೆ. ಮಧ್ಯಾಹ್ನ ಮೂರಕ್ಕೇ ‘ಪಾರ್ಕಿಗೆ ಹೋಗೋಣ’ ಎಂದು ಹಟ. ಆ ಹೊತ್ತಿಗೆ ಜಾರುಬಂಡಿಯ ತಗಡು ರೊಟ್ಟಿಯ ಹಂಚಿನಂತೆ ಕಾದಿರುತ್ತದೆ. ಚಡ್ಡಿ ತೊಟ್ಟ ಮಗು ಕೂತು ಜಾರಿದರೆ ತೊಡೆಯ ಎಳೆ ಚರ್ಮ ಸುಡಲು ಕೆಲವೇ ಸೆಕೆಂಡು ಸಾಕು. ಹಿರಿಯರು ಬೆನ್ನಗೈಯನ್ನು ತಗಡಿನ ಮೇಲಿಟ್ಟು ಐದು ಎಣಿಸಬೇಕು. ಎಣಿಸುವ ಮುಂಚೆ ಕೈ ತೆಗೆಯಬೇಕೆನಿಸಿದರೆ ಮಗುವೂ ಏರಬಾರದು. ಪ್ಲಾಸ್ಟಿಕ್ಕಿನ ಜಾರುಬಂಡಿಗೂ ಈ ಮಾತು ಸಲ್ಲುತ್ತದೆ. ಬಿಸಿಲು ಇಳಿದು ಐದು ದಾಟಲಿ. ಮನೆ ಬಿಡುವ ಮುಂಚೆ ಒಂದು ಲೋಟ ಮಜ್ಜಿಗೆ, ಜೊತೆಗೆ ನೀರಿನ ಬಾಟಲಿ. ನಡಿಗೆಗೆ ಬಂದ ಹಿರಿಯರಲ್ಲಿ ಯಾರಾದರೂ ಮಾತು ತೊದಲಿದರೆ, ಮೈ ಕೆಂಡದಂತಾಗಿ ಗೊತ್ತುಗುರಿಯಿಲ್ಲದೆ ವರ್ತಿಸಿದರೆ ಅದು ಬರೀ ದಣಿವಲ್ಲ, ಬಿಸಿಲಿನ ಹೊಡೆತ. ನೆರಳಿಗೆ ಕರೆದೊಯ್ದು ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಒತ್ತುತ್ತ ಗಾಳಿ ಹಾಕಬೇಕು, 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹೊಯ್ಯಬಾರದು.

ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಸಿಡಿಲಿಗೆ. ಮುಂಗಾರಿನ ಜಿಟಿಜಿಟಿ ಮಳೆಯಲ್ಲಿ ಅದರ ಕಾಟ ಕಡಿಮೆ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ, ಮತ್ತೆ ಅಕ್ಟೋಬರಿನ ಹಿಂಗಾರಿನಲ್ಲಿ ಅದರ ಆರ್ಭಟ. ದಿನವೆಲ್ಲ ಕಾದ ನೆಲದ ಬಿಸಿ ಗಾಳಿ ಮೇಲೇರಿ, ಸಮುದ್ರದ ಕಡೆಯಿಂದ ಬಂದ ತೇವವನ್ನು ಕೂಡಿಕೊಂಡು, ಮೂರು ನಾಲ್ಕು ಗಂಟೆಯ ಹೊತ್ತಿಗೆ ಗೋಪುರದಂಥ ಕರಿ ಮೋಡ ಎದ್ದು ನಿಲ್ಲುತ್ತದೆ. ನಮ್ಮ ಹುಡುಗರು ಬ್ಯಾಟು ಹಿಡಿದು ಮೈದಾನಕ್ಕೆ ಇಳಿಯುವುದೂ ಅದೇ ಹೊತ್ತಿಗೆ. ಹೊಲದಲ್ಲಿ ಕೆಲಸ ಮಾಡುವವರು, ಕುರಿ ಕಾಯುವವರು ಪ್ರತಿ ವರ್ಷ ಈ ಸೀಮೆಯಲ್ಲಿ ಸಿಡಿಲಿಗೆ ಬಲಿಯಾಗುವುದನ್ನು ಪತ್ರಿಕೆಯಲ್ಲಿ ಓದುತ್ತೇವೆ. ಆದರೂ ಪಾರ್ಕು ಊರೊಳಗಿದೆ, ಅಲ್ಲೇನಾಗುತ್ತದೆ ಎಂಬ ಧೈರ್ಯ ನಮಗೆ.

ರಾಣೆಬೆನ್ನೂರಿನ ಮೈದಾನವೊಂದರಲ್ಲಿ ಒಂದು ಮೇ ಸಂಜೆ ಕಂಡದ್ದನ್ನು ಹೇಳಬೇಕು. ಹುಡುಗರ ಕ್ರಿಕೆಟ್ ರಂಗೇರಿತ್ತು. ಪಡುವಣ ದಿಕ್ಕಿನಲ್ಲಿ ಮಿಂಚು ಹೊಳೆಯಿತು. ಅಂಚಿನಲ್ಲಿ ನಡೆಯುತ್ತಿದ್ದ ನಿವೃತ್ತ ಮಾಸ್ತರರೊಬ್ಬರು ನಿಂತಲ್ಲೇ ನಿಂತು ಬೆರಳು ಮಡಚಿ ಎಣಿಸತೊಡಗಿದರು. ಹನ್ನೆರಡಕ್ಕೆ ಗುಡುಗಿತು.

‘ಹನ್ನೆರಡು ಸೆಕೆಂಡ್. ಅಂದ್ರ ನಾಕು ಕಿಲೋಮೀಟರ್. ಸ್ಟಂಪ್ ಕೀಳ್ರೋ’ ಎಂದರು.

‘ಸರ, ಇನ್ನ ಒಂದ ಓವರ್ ಐತ್ರಿ’ ಎಂದ ಬೌಲರ್.

‘ಓವರ್ ನಾಳೆ ಹಾಕೀಯಂತ. ನಡೀರಿ ಎಲ್ಲಾರೂ, ಎದುರಿನ ಕಲ್ಯಾಣ ಮಂಟಪದ ಒಳಗ.’

ಒಬ್ಬ ಹುಡುಗ ಬೇವಿನ ಗಿಡದತ್ತ ಓಡಿದ. ಮಾಸ್ತರರ ದನಿ ಮೈದಾನದ ಆ ಕಡೆಗೂ ಕೇಳಿಸುವಂತಿತ್ತು: ‘ಗಿಡದ ಬುಡಕ್ಕ ಬ್ಯಾಡೋ ತಮ್ಮಾ!’

ಆ ಮೈದಾನದ ಮೇಲೆ ಅಂದು ಒಂದು ಹನಿ ಮಳೆಯೂ ಬೀಳಲಿಲ್ಲ. ಹುಡುಗರು ಗೊಣಗಿದರು. ಮಾಸ್ತರರು ಮಾತ್ರ ಕೊನೆಯ ಗುಡುಗಿನಿಂದ ಅರ್ಧ ಗಂಟೆ ಆಗುವ ತನಕ ಒಬ್ಬನನ್ನೂ ಹೊರಗೆ ಬಿಡಲಿಲ್ಲ. ಅವರು ಮಾಡಿದ ಒಂದೊಂದೂ ಸರಿಯಾಗಿತ್ತು. ಶಬ್ದ ಒಂದು ಕಿಲೋಮೀಟರ್ ಬರಲು ಹತ್ತಿರಹತ್ತಿರ ಮೂರು ಸೆಕೆಂಡು ಹಿಡಿಯುತ್ತದೆ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಮೋಡ ಹತ್ತು ಕಿಲೋಮೀಟರಿನ ಒಳಗಿದೆ ಎಂದರ್ಥ. ಮಳೆ ಬೀಳುವ ಜಾಗದಿಂದ ಅಷ್ಟು ದೂರಕ್ಕೂ ಸಿಡಿಲು ಚಾಚಿಕೊಂಡು ಬಂದು ಬಡಿಯಬಲ್ಲದು, ತಲೆಯ ಮೇಲೆ ಆಕಾಶ ನಿಚ್ಚಳವಾಗಿದ್ದರೂ ಸಹ. ಎತ್ತರದ ಗಿಡಕ್ಕೆ ಬಡಿದ ಸಿಡಿಲು ಕೆಳಗೆ ನಿಂತವರ ಮೈಗೆ ಪಕ್ಕದಿಂದ ಹಾರುತ್ತದೆ, ನೆಲದ ಮೂಲಕವೂ ಹರಿಯುತ್ತದೆ. ಪಾರ್ಕಿನಲ್ಲಿ ನಾಲ್ಕು ಕಂಬದ ಮೇಲೆ ತಗಡು ಹೊದಿಸಿದ ಮಂಟಪ ಇರುತ್ತದಲ್ಲ, ಅದು ಮಳೆಗೆ ಆಸರೆ, ಸಿಡಿಲಿಗಲ್ಲ. ಗೋಡೆಯುಳ್ಳ ಪಕ್ಕಾ ಕಟ್ಟಡದ ಒಳಗೆ ಹೋಗಬೇಕು, ಇಲ್ಲವೇ ಕಾರು, ಬಸ್ಸಿನೊಳಗೆ ಕಿಟಕಿ ಏರಿಸಿ ಕೂಡಬೇಕು. ಓಪನ್ ಜಿಮ್ಮಿನ ಕಬ್ಬಿಣ, ತಂತಿ ಬೇಲಿ, ಕಬ್ಬಿಣದ ಬೆಂಚು ಯಾವುದನ್ನೂ ಮುಟ್ಟಬಾರದು. ಎಲ್ಲೂ ಆಸರೆಯಿಲ್ಲದ ಬಯಲಾದರೆ ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ತಲೆ ತಗ್ಗಿಸಿ ಕೂಡಬೇಕು, ಮಲಗಬಾರದು.

ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಹೊಡೆಯುತ್ತದೆ ಎಂಬ ಹೆದರಿಕೆ ನಮ್ಮಲ್ಲಿ ಬಹಳ ಇದೆ. ಅದು ಸುಳ್ಳು. ಅವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ನಿಂತ ಹೃದಯವನ್ನು ಆ ಕ್ಷಣದಲ್ಲಿ ಎದೆ ಒತ್ತಿ ಮತ್ತೆ ಬಡಿಯುವಂತೆ ಮಾಡಬಹುದು. ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ನಿಮಿಷಕ್ಕೆ ನೂರಕ್ಕೂ ಮಿಕ್ಕಿ ಸಲ, ಎರಡು ಅಂಗುಲ ಆಳಕ್ಕೆ ಒತ್ತಬೇಕು, ಆಂಬುಲೆನ್ಸ್ ಬರುವ ತನಕ ನಿಲ್ಲಿಸಬಾರದು. ಪ್ರತಿ ಹೈಸ್ಕೂಲಿನಲ್ಲೂ ಇದನ್ನು ಕಲಿಸಬೇಕೆಂಬುದು ನನ್ನ ಆಸೆ. ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಎಂಬ ಆ್ಯಪ್‌ಗಳು ಸುತ್ತಮುತ್ತ ಸಿಡಿಲು ಬೀಳುವ ಸೂಚನೆಯನ್ನು ಮೊಬೈಲಿಗೇ ಕೊಡುತ್ತವೆ. ದಿನವಿಡೀ ಮೊಬೈಲ್ ಹಿಡಿದಿರುವ ನಮ್ಮ ಹುಡುಗರಿಗೆ ಇದನ್ನು ಹಾಕಿಕೊಳ್ಳುವುದು ಅರೆಗಳಿಗೆಯ ಕೆಲಸ.

ಮಿರಗದ ಮಳೆ ಹಿಡಿದ ಮೇಲೆ ಭಯದ ಜಾಗ ಬದಲಾಗುತ್ತದೆ. ಪೇವರ್ಸ್ ಮೇಲೆ ಪಾಚಿ, ಮುದುಕರ ಸೊಂಟಕ್ಕೆ ಕುತ್ತು. ಮೂಲೆಮೂಲೆಯಲ್ಲಿ ಕಾಂಗ್ರೆಸ್ ಕಸ ಬೆಳೆದು ಬಿಳಿ ಹೂ ಬಿಡುತ್ತದೆ, ಬರಿಗೈಲಿ ಕಿತ್ತವರಿಗೆ ಮೈ ತುರಿಕೆ, ಕೆಲವರಿಗೆ ಉಬ್ಬಸ. ಆದರೆ ಮಳೆಗಾಲದಲ್ಲಿ ನಾನು ಮೊದಲು ನೋಡುವುದು ದೀಪದ ಕಂಬವನ್ನು.

ಊರಿನ ಹೆಸರು ಬೇಡ. ಒಂದು ಪಾರ್ಕಿನಲ್ಲಿ ಶ್ರಾವಣದ ಸಂಜೆ, ಜೋಕಾಲಿಯಿಂದ ನಾಲ್ಕೇ ಹೆಜ್ಜೆಯಲ್ಲಿದ್ದ ದೀಪದ ಕಂಬದ ಪೆಟ್ಟಿಗೆಯ ಬಾಗಿಲು ಇರಲಿಲ್ಲ. ಪೆಟ್ಟಿಗೆ ಇದ್ದದ್ದು ಸರಿಯಾಗಿ ಆರು ವರ್ಷದ ಮಗುವಿನ ಎದೆಯೆತ್ತರಕ್ಕೆ. ಒಳಗೆ ಎರಡು ವೈರುಗಳ ಜೋಡಣೆಗೆ ಯಾರೋ ಹಾಲಿನ ಪಾಕೀಟಿನ ಹಾಳೆ ಸುತ್ತಿ ದಾರ ಕಟ್ಟಿದ್ದರು. ದಾರ ಕೊಳೆತು ಹಾಳೆ ಜಾರಿ, ತಾಮ್ರದ ಎಳೆಗಳು ಹೊರಗೆ ಕಾಣುತ್ತಿದ್ದವು. ಒಬ್ಬ ಹುಡುಗಿ ತನ್ನ ನೀರಿನ ಬಾಟಲಿಯನ್ನು ಅದೇ ಪೆಟ್ಟಿಗೆಯ ಮುರಿದ ಕೀಲಿಗೆ ತಗುಲಿಸಲು ಕೈ ಎತ್ತಿದ್ದಳು. ಅವಳ ತಾಯಿ ಕೂಗಿ ಕರೆದದ್ದರಿಂದ ತಿರುಗಿದಳು. ಅಲ್ಲಿದ್ದ ಮಾಲಿ ಕಾಕಾ ತಡಮಾಡಲಿಲ್ಲ. ಬೇಲಿಯಿಂದ ಬಳ್ಳಾರಿ ಜಾಲಿಯ ಮುಳ್ಳು ಕಡಿದು ತಂದು ಕಂಬದ ಸುತ್ತ ಒಡ್ಡಿದ, ಲೈನ್‌ಮನ್‌ಗೆ ಫೋನು ಹಚ್ಚಿದ, ಕತ್ತಲಾಗುವ ತನಕ ಅಲ್ಲೇ ಕಾದು ನಿಂತ. ಮರುದಿನ ಪೆಟ್ಟಿಗೆಗೆ ಬಾಗಿಲು ಬಂತು. ಹಳೆಯ ಊರಿನ ಜವಾಬ್ದಾರಿಯನ್ನು ಅಂದು ಆ ಮಾಲಿ ಕಾಕಾನ ಮುಖದಲ್ಲಿ ಕಂಡೆ.

ಒದ್ದೆ ನೆಲ, ಬರಿಗಾಲು, ಬಿಚ್ಚಿದ ವೈರು ಮೂರೂ ಕೂಡಿದರೆ ಮನೆಯಲ್ಲಿ ಉರಿಯುವ ಕರೆಂಟೇ ಪ್ರಾಣ ತೆಗೆಯಲು ಸಾಕು. ಯಾರಿಗಾದರೂ ಕರೆಂಟು ಹಿಡಿದುಕೊಂಡರೆ ಕೈ ಹಿಡಿದು ಎಳೆಯಬಾರದು. ಮೊದಲು ಮೇನ್ ಸ್ವಿಚ್ ಇಳಿಸಬೇಕು, ಅದು ಆಗದಿದ್ದರೆ ಒಣ ಕಟ್ಟಿಗೆಯಿಂದ ಬಿಡಿಸಬೇಕು. ಹೆಸ್ಕಾಂನ 1912 ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಂಡಿರಬೇಕು.

ಅದೇ ಶ್ರಾವಣ ಹುತ್ತಕ್ಕೆ ಹಾಲೆರೆಯುವ ತಿಂಗಳು. ಬಿಲಕ್ಕೆ ನೀರು ನುಗ್ಗಿ ಹಾವುಗಳು ಹೊರಬೀಳುವ ಕಾಲವೂ ಹೌದು. ಕತ್ತರಿಸದ ಹುಲ್ಲು, ಬಿದ್ದ ತರಗು, ಇಟ್ಟಿಗೆಯ ರಾಶಿ ಅವಕ್ಕೆ ಆಸರೆ. ಬಂಕಾಪುರದ ಕೋಟೆಯಲ್ಲಿ ನವಿಲು ನೋಡಲು ಹೋಗುವವರೂ ಮಕ್ಕಳನ್ನು ಪೊದೆಗಳತ್ತ ಬಿಡದೆ, ಬೂಟು ತೊಡಿಸಿ ತುಳಿದ ಹಾದಿಯಲ್ಲೇ ನಡೆಸಬೇಕು. ಹಾವು ಕಡಿದರೆ ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಇವುಗಳಿಂದ ಕೇಡೇ ಹೆಚ್ಚು. ಕಡಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ ನೇರ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಮದ್ದು ಒಂದೇ, ಆದ್ದರಿಂದ ಹಾವನ್ನು ಹುಡುಕಿ ಕೊಂದು ತರಬೇಕಾದ ಗರಜೂ ಇಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಸರ್ಕಾರ ಇಷ್ಟು ಗಂಭೀರವಾಗಿ ತೆಗೆದುಕೊಂಡಿರುವಾಗ ನಾವು ಮಂತ್ರ ಹಾಕಿಸುತ್ತ ಹೊತ್ತು ಕಳೆಯಬಾರದು.

ಬೀದಿನಾಯಿಗೆ ಮಾತ್ರ ಹಂಗಾಮಿಲ್ಲ. ಕಚ್ಚಿದರೆ, ಪರಚಿದರೂ ಸಹ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಚುಚ್ಚುಮದ್ದು ಶುರುಮಾಡಬೇಕು. ಅರಿಸಿನ, ಖಾರದಪುಡಿ ಮೆತ್ತುವುದು ಬೇಡ.

ಪಾರ್ಕಿಗಿಂತ ನಮ್ಮ ಜನ ಇಷ್ಟಪಡುವುದು ನೀರಿನ ದಂಡೆ. ಹಾವೇರಿಯವರಿಗೆ ಹೆಗ್ಗೇರಿ ಕೆರೆಯ ಗಾಳಿ ಬೇಕು. ರಾಣೆಬೆನ್ನೂರಿನವರು ರವಿವಾರ ಬುತ್ತಿ ಕಟ್ಟಿಕೊಂಡು ಚೌಡದಾನಪುರದ ಮುಕ್ತೇಶ್ವರನ ಗುಡಿಗೆ ಹೋಗಿ ಹೊಳೆಯ ದಂಡೆಯಲ್ಲಿ ಊಟ ಮಾಡುತ್ತಾರೆ. ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥವೂ ಅಂಥದೇ ಚೆಂದದ ಜಾಗ. ಅಲ್ಲಿ ಹೋಗಬೇಡಿ ಎಂದು ನಾನು ಹೇಳಲಾರೆ. ಹೋಗಿ, ಆದರೆ ದಂಡೆಯಲ್ಲೇ ಇರಿ. ಉಸುಕು ತೆಗೆದ ಹೊಳೆಯ ತಳ ಮೊದಲಿನಂತೆ ಸಪಾಟಾಗಿ ಇಲ್ಲ. ಮೊಳಕಾಲುದ್ದ ನೀರಿನಲ್ಲಿ ನಿಂತವರು ಮುಂದಿನ ಹೆಜ್ಜೆಗೆ ಎರಡಾಳು ಗುಂಡಿಯಲ್ಲಿ ಇಳಿದಿರುತ್ತಾರೆ. ಹೋಳಿಯ ಬಣ್ಣ ತೊಳೆಯಲು ಗುಂಪುಗುಂಪಾಗಿ ಹೊಳೆಗೆ ಇಳಿಯುವ ಹುಡುಗರ ತಾಯಂದಿರು ಆ ದಿನ ಮಧ್ಯಾಹ್ನ ಬಾಗಿಲಲ್ಲೇ ನಿಂತಿರುತ್ತಾರೆ. ಅವರ ಸಂಕಟ ನನಗೆ ಗೊತ್ತು. ಒಬ್ಬ ಮುಳುಗಿದರೆ ಉಳಿಸಲು ಜಿಗಿದವನೂ ಮುಳುಗುವುದು ಇಲ್ಲಿನ ದೊಡ್ಡ ದುಃಖ. ಈಜು ಬಲ್ಲವರೂ ನೀರಿಗೆ ಹಾರುವ ಬದಲು ಸೀರೆ, ಹಗ್ಗ, ಖಾಲಿ ಪ್ಲಾಸ್ಟಿಕ್ ಕೊಡ ಏನಾದರೂ ಎಸೆಯಬೇಕು. ನೀರಿನಲ್ಲಿರುವವರು ಅದನ್ನು ಹಿಡಿದರೆ ದಂಡೆಯಿಂದ ಎಳೆಯಬಹುದು.

ಇನ್ನೊಂದು ಮಾತು ಹೆಣ್ಣುಮಕ್ಕಳದ್ದು. ನಮ್ಮ ಊರುಗಳಲ್ಲಿ ದಿನವೆಲ್ಲ ಮನೆಗೆಲಸ ಮುಗಿಸಿ ಏಳು ಗಂಟೆಗೆ ನಡೆಯಲು ಹೊರಡುವ ಅಕ್ಕತಂಗಿಯರು ಈಗ ಹೆಚ್ಚಾಗಿದ್ದಾರೆ. ಸಕ್ಕರೆ ಕಾಯಿಲೆಗೆ ಡಾಕ್ಟರು ಹೇಳಿದ ಮದ್ದು ಅದು. ಪಾರ್ಕಿನ ಎರಡು ದೀಪ ಕೆಟ್ಟರೆ ಅವರು ಮರುದಿನದಿಂದ ಬರುವುದನ್ನೇ ಬಿಡುತ್ತಾರೆ. ಯಾರೂ ದೂರು ಕೊಡುವುದಿಲ್ಲ, ಸುಮ್ಮನೆ ಬೆಂಚು ಖಾಲಿಯಾಗುತ್ತದೆ. ಕೆಟ್ಟ ಬಲ್ಬು ಬದಲಿಸುವುದು ಅವರ ಆರೋಗ್ಯಕ್ಕೆ ಮಾತ್ರೆಯಷ್ಟೇ ಅಗತ್ಯ. ಯಾರಾದರೂ ಕಾಡಿದರೆ 112ಕ್ಕೆ ಕರೆ ಮಾಡಲು ಹಿಂಜರಿಯಬಾರದು.

ಉದ್ಯಾನಗಳನ್ನೂ ಆಟದ ಮೈದಾನಗಳನ್ನೂ ಕಾಪಾಡಲೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯೊಂದಿದೆ. ಹಾವೇರಿ, ರಾಣೆಬೆನ್ನೂರಿಗೆ ನಗರಸಭೆ ಇದೆ, ಬ್ಯಾಡಗಿಗೆ ಪುರಸಭೆ. ಅಲ್ಲಿ ಕೆಲಸ ಮಾಡುವವರ ಮಕ್ಕಳೂ ಇದೇ ಜೋಕಾಲಿ ಏರುತ್ತಾರೆ. ಅವರ ಮೇಲೆ ಸಿಟ್ಟಾಗುವುದರಿಂದ ಕೊಂಡಿ ಬದಲಾಗುವುದಿಲ್ಲ, ತಿಳಿಸುವುದರಿಂದ ಬದಲಾಗುತ್ತದೆ. ಆದ್ದರಿಂದ ಓದುಗರಲ್ಲಿ ನನ್ನ ಬಿನ್ನಹ ಇಷ್ಟು. ಈ ವಾರ ನಿಮ್ಮ ಬಡಾವಣೆಯ ಪಾರ್ಕಿಗೆ ಹೋದಾಗ ಮಕ್ಕಳನ್ನು ಬಿಡುವ ಮುಂಚೆ ಸರಪಳಿ ಜಗ್ಗಿ, ಗೇಟು ಅಲುಗಿಸಿ, ದೀಪದ ಕಂಬದ ಪೆಟ್ಟಿಗೆಯನ್ನು ದೂರದಿಂದಲೇ ನೋಡಿ. ಕೆಟ್ಟದ್ದು ಕಂಡರೆ ಫೋಟೊ ತೆಗೆದು, ಒಂದು ಹಾಳೆಯಲ್ಲಿ ಬರೆದು, ನಾಲ್ಕು ಮನೆಯವರ ಸಹಿ ಮಾಡಿಸಿ ಕಚೇರಿಗೆ ಕೊಡಿ. ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಬನ್ನಿ.